ಬೇಹು ಮತ್ತು ಹುಯ್ಯಲು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಸೊರಬದ ಎಲ್ಲೆಗೆ ಸಮೀಪವಾಗಿ, ಬಂದಳಿಕೆಯೆಂಬ ಹಾಳೂರೊಂದುಂಟು. ಶಾಸನಗಳು ಅದನ್ನು ಬಂದಣಿಕೆಯೆಂದೂ ಬಾಂಧವಪುರವೆಂದೂ ಕರೆದಿವೆ. ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ಒಂದು ಕಾಲದಲ್ಲಿ ರಾಜಧಾನಿಯಾಗಿದ್ದ ಪಟ್ಟಣವಿದು. ಇಂದು ಅಲ್ಲಿ ಉಳಿದಿರುವುದು ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣನ ಗುಡಿ, ಸೋಮೇಶ್ವರನ ಗುಡಿ, ಬನಶಂಕರಿಯ ಗುಡಿ, ಮತ್ತು ಅಲ್ಲಲ್ಲಿ ನಿಂತ ಬರಹದ ಕಲ್ಲುಗಳು. ರಾಜ್ಯಗಳ ಭದ್ರತೆಯ ವಿಷಯವಾಗಿ ಬರೆಯಹೊರಟವನು ದಿಲ್ಲಿಯ ಕಚೇರಿಗಳನ್ನು ಬಿಟ್ಟು ಈ ಹಾಳೂರಿಗೇಕೆ ಬಂದನೆಂದು ಓದುಗರು ಕೇಳಬಹುದು. ರಕ್ಷಣೆ ತಪ್ಪಿದಾಗ ಏನಾಗುತ್ತದೆಂಬುದನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸಿದ ನಾಡು ಇದು, ಅದೇ ಕಾರಣ.

ಸೊರಬ ಶಿಕಾರಿಪುರಗಳ ಸೀಮೆ ವೀರಗಲ್ಲುಗಳ ತವರು. ಊರ ಮುಂದೆ, ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ಅವು ಕಾಣಸಿಗುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಅದರ ಮೇಲೆ ವೀರನನ್ನು ಎತ್ತಿಕೊಂಡೊಯ್ಯುವ ಅಪ್ಸರೆಯರು. ಎಲ್ಲಕ್ಕೂ ಮೇಲೆ ಕೈಲಾಸ. ಬರಹವಿದ್ದ ಕಲ್ಲುಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತುಗಳು ಮೂರು: ತುರುಗೊಳ್, ಊರಳಿವು, ಪೆಣ್ಬುಯ್ಯಲ್. ದನಗಳನ್ನು ಹೊಡೆದುಕೊಂಡು ಹೋದಾಗ, ಊರನ್ನು ಸುಲಿದಾಗ, ಹೆಂಗಸರ ಮೇಲೆ ಕೈಮಾಡಿದಾಗ ಹೋರಾಡಿ ಸತ್ತವರ ಕಲ್ಲುಗಳಿವು. ಪುಯ್ಯಲ್ ಎಂದರೆ ಕೂಗು, ಮೊರೆ. ನಡುಗನ್ನಡದಲ್ಲಿ ಅದೇ ಹುಯ್ಯಲು ಎಂದಾಗಿ ಕಾಳಗವೆಂಬ ಅರ್ಥವನ್ನೂ ಹೊತ್ತುಕೊಂಡಿತು. ಈ ಅರ್ಥಾಂತರದಲ್ಲಿಯೇ ಒಂದು ಚರಿತ್ರೆ ಅಡಗಿದೆ. ಕೂಗೆದ್ದ ಮೇಲೆ ಊರಿನವರು ಕೈಗೆ ಸಿಕ್ಕಿದ ಆಯುಧವನ್ನು ಹಿಡಿದು ಓಡುತ್ತಿದ್ದರು. ಕೂಗಿಗೂ ಕಾಳಗಕ್ಕೂ ನಡುವೆ ಬಿಡುವೇ ಇರುತ್ತಿರಲಿಲ್ಲ.

ಹುಯ್ಯಲಿಗೆ ಮುಂಚಿನ ಕಾರ್ಯವೊಂದುಂಟು. ಕನ್ನಡದಲ್ಲಿ ಅದಕ್ಕೆ ಬೇಹು ಎಂದು ಹೆಸರು. ಕಳ್ಳರು ಕಣಿವೆಯಾಚೆ ಕೂಡುತ್ತಿದ್ದಾರೆಂದು ಮುನ್ನಾದಿನವೇ ತಿಳಿದು ಬಂದು ಹೇಳುವವನು ಬೇಹಿನವನು. ಅವನು ಹೇಳಿದ ದಿನ ದನಗಳು ಕೊಟ್ಟಿಗೆಯಲ್ಲಿಯೇ ಉಳಿಯುತ್ತವೆ, ಕಾಳಗ ನಡೆಯುವುದಿಲ್ಲ, ಯಾರೂ ಸಾಯುವುದಿಲ್ಲ. ಆದುದರಿಂದ ಕಲ್ಲೂ ನಿಲ್ಲುವುದಿಲ್ಲ. ನಮ್ಮ ವೀರಗಲ್ಲುಗಳಲ್ಲಿ ಎಷ್ಟೋ, ಬೇಹು ತಪ್ಪಿದ ದಿನಗಳ ದಾಖಲೆಗಳೆಂದು ನನಗೆ ತೋರುತ್ತದೆ. ೧೦ನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಗಂಡ ನಾಗಾರ್ಜುನನು ತೀರಿಕೊಂಡ ಬಳಿಕ ಜಕ್ಕಿಯಬ್ಬೆಯೆಂಬಾಕೆ ಈ ನಾಗರಖಂಡದ ನಾಳ್ಗಾವುಂಡ ಪದವಿಯನ್ನು ವಹಿಸಿ ಸಮರ್ಥವಾಗಿ ನಡೆಸಿದಳೆಂದು ಬಂದಳಿಕೆಯ ಶಾಸನ ಕೊಂಡಾಡುತ್ತದೆ. ಕಡೆಗೆ ಸಲ್ಲೇಖನ ವ್ರತದಿಂದ ಬಂದಣಿಕೆಯಲ್ಲಿಯೇ ಆಕೆ ದೇಹವನ್ನು ಬಿಟ್ಟಳು. ಎಪ್ಪತ್ತು ಊರುಗಳ ಸುದ್ದಿ ಹೊತ್ತುಹೊತ್ತಿಗೆ ತಿಳಿಯದೆ ಅಂಥ ಅಧಿಕಾರವನ್ನು ಯಾರೂ ನಡೆಸಲಾರರು. ಆದರೆ ಆಕೆಗೆ ಸುದ್ದಿ ತಂದವರ ಹೆಸರು ಆ ಕಲ್ಲಿನಲ್ಲಿಲ್ಲ. ಇರಬೇಕೆಂದು ನಿರೀಕ್ಷಿಸುವುದೂ ತಪ್ಪು.

ಇದೇ ತಾಲ್ಲೂಕಿನ ತಾಳಗುಂದದ ಕಂಬವನ್ನು ಈ ದೃಷ್ಟಿಯಿಂದ ಓದಿದರೆ ಸ್ವಾರಸ್ಯವಾಗಿದೆ. ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನಿಗೆ ಪಲ್ಲವರ ರಾವುತರೊಡನೆ ಕಲಹವಾಯಿತು. ದರ್ಭೆ ಹಿಡಿಯುವ ಕೈ ಕತ್ತಿಯನ್ನು ಹಿಡಿಯಿತು. ಪಲ್ಲವರ ಅಂತಪಾಲರನ್ನು, ಎಂದರೆ ಗಡಿಕಾವಲಿನವರನ್ನು, ಹಠಾತ್ತನೆ ಸೋಲಿಸಿ ಅವನು ಶ್ರೀಪರ್ವತದವರೆಗಿನ ದುರ್ಗಮವಾದ ಅಡವಿಯನ್ನು ಹಿಡಿದು ಕುಳಿತನು. ಕನ್ನಡದ ಮೊದಲ ರಾಜವಂಶ ಹುಟ್ಟಿದ್ದು ಹೀಗೆ. ನಮಗೆ ಇದು ಅಭಿಮಾನದ ಕಥೆ, ಸರಿಯೇ. ಕಂಚಿಯ ಕಡೆಯಿಂದ ನೋಡಿದರೆ, ಅಪಮಾನಗೊಂಡ ವಿದ್ಯಾರ್ಥಿಯೊಬ್ಬನು ಅಡವಿಯಲ್ಲಿ ದಂಡು ಕಟ್ಟುವವರೆಗೂ ಸುಳಿವು ಹಿಡಿಯದ ರಾಜ್ಯವೊಂದರ ಕಥೆ.

ಬಂದಳಿಕೆಗೆ ಇನ್ನೂ ಹಿಂದಿನ ಒಂದು ನೆನಪಿದೆ. ಕುಂತಲ ನಾಡನ್ನು ಹಿಂದೆ ನಂದರು ಆಳಿದರೆಂದು ಇಲ್ಲಿಯ ೧೩ನೆಯ ಶತಮಾನದ ಆರಂಭದ ಶಾಸನವೊಂದು ಹೇಳುತ್ತದೆ. ನಾಗರಖಂಡವನ್ನು ಚಂದ್ರಗುಪ್ತನು ಕಾಪಾಡಿದನೆಂದು ಸೊರಬ ತಾಲ್ಲೂಕಿನ ೧೪ನೆಯ ಶತಮಾನದ ಶಾಸನವೊಂದರ ಮಾತು. ಸಾವಿರದೈನೂರು ವರ್ಷಗಳ ಬಳಿಕ ಬರೆದದ್ದಾದುದರಿಂದ ಇತಿಹಾಸಕಾರರು ಇದನ್ನು ಪ್ರಮಾಣವೆಂದು ಒಪ್ಪದಿರಬಹುದು. ಸ್ಮರಣೆಯೆಂದು ಒಪ್ಪಲು ಅಡ್ಡಿಯಿಲ್ಲ. ನಂದರನ್ನು ಕಿತ್ತು ಚಂದ್ರಗುಪ್ತನನ್ನು ನಿಲ್ಲಿಸಿದ ಚಾಣಕ್ಯನ ಹೆಸರಿನ ಅರ್ಥಶಾಸ್ತ್ರವು ಲೋಕಕ್ಕೆ ಮರಳಿ ದೊರೆತದ್ದೂ ಕನ್ನಡ ನಾಡಿನಲ್ಲಿಯೇ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಗರಿಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅಚ್ಚು ಹಾಕಿಸಿದರು.

ಆ ಗ್ರಂಥದಲ್ಲಿ ಗೂಢಪುರುಷರ ಪ್ರಕರಣವನ್ನು ಓದಿದವರಿಗೆ ಇಂದಿನ ಪತ್ರಿಕೆಯನ್ನು ಓದಿದಂತೆಯೇ ಆಗುತ್ತದೆ. ಒಂದೇ ಕಡೆ ನೆಲಸಿ ಕೆಲಸ ಮಾಡುವವರು ಐದು ಬಗೆ: ಕಪಟಿಯಾದ ಶಿಷ್ಯ, ವ್ರತಗೆಟ್ಟ ಸಂನ್ಯಾಸಿ, ಒಕ್ಕಲಿಗ, ವ್ಯಾಪಾರಿ, ಜಡೆಯ ತಪಸ್ವಿ. ಊರೂರು ಅಲೆಯುವವರು ಬೇರೆ. ಒಬ್ಬರ ಗುರುತು ಇನ್ನೊಬ್ಬರಿಗೆ ತಿಳಿಯಕೂಡದು. ಸುದ್ದಿ ಸಾಗಬೇಕಾದದ್ದು ಸಂಜ್ಞಾಲಿಪಿಯಲ್ಲಿ. ಮೂರು ಕಡೆಯಿಂದ ಬಂದ ವರದಿ ಒಂದೇ ಆಗಿದ್ದರೆ ನಂಬಬೇಕು. ಪದೇ ಪದೇ ಹೊಂದದಿದ್ದರೆ ತಂದವನನ್ನು ತೆಗೆದುಹಾಕಬೇಕು. ಎರಡು ಕಡೆಯೂ ಸಂಬಳ ತಿನ್ನುವ ಉಭಯವೇತನನಿಗೂ ಅಲ್ಲಿ ಜಾಗವಿದೆ. ಇವುಗಳಲ್ಲಿ ಒಂದನ್ನಾದರೂ ಇಂದಿನ ಗುಪ್ತಚರ ಸಂಸ್ಥೆಗಳು ಕೈಬಿಟ್ಟಿಲ್ಲ. ಪರಿಚಿತರ ಹೆಸರಿನಲ್ಲಿ ಕಾಗದ ಬರೆದು ಗಣಕಯಂತ್ರದ ಪಾಸ್‌ವರ್ಡನ್ನು ಕಸಿಯುವ ಇಂದಿನ ವಂಚಕನು ಆ ಕಪಟ ಶಿಷ್ಯನ ವಂಶದವನೇ. ಪಂಚತಂತ್ರದಲ್ಲಿ, ತನ್ನವರೇ ಹೊಡೆದಟ್ಟಿದರೆಂದು ನಟಿಸಿ ಗೂಬೆಗಳ ಗವಿಗೆ ಸೇರಿ, ಒಳಗೇ ಇದ್ದು ಕೊನೆಗೆ ಬೆಂಕಿಯಿಕ್ಕಿದ ಮುದಿ ಕಾಗೆಯ ನೀತಿಯೂ ಇದೇ.

ಸುದ್ದಿಯನ್ನು ತರುವುದು ಅರ್ಧ ಕೆಲಸ. ತಂದದ್ದನ್ನು ಅರಿಯುವುದು ಮಿಕ್ಕ ಅರ್ಧ. ಪಾಂಡವರ ಅಜ್ಞಾತವಾಸದಲ್ಲಿ ಕೌರವನ ಚರರು ದೇಶವನ್ನೆಲ್ಲ ಸೋಸಿ ಬರಿಗೈಯಲ್ಲಿ ಮರಳಿದರು. ಆದರೆ ವಿರಾಟನ ಊರಿನಲ್ಲಿ ಕೀಚಕನು ಸತ್ತನೆಂಬ, ತಮಗೆ ಮುಖ್ಯವಾಗಿ ತೋರದ ಒಂದು ವಾರ್ತೆಯನ್ನು ಅವರು ಜೊತೆಗೆ ತಂದಿದ್ದರು. ಕೀಚಕನನ್ನು ಕೊಲ್ಲಬಲ್ಲವನು ಭೀಮನಲ್ಲದೆ ಇನ್ನಾರೆಂಬ ಊಹೆ ಹುಟ್ಟಿದ್ದು ಸಭೆಯಲ್ಲಿ. ನಮ್ಮ ಕಾಲದಲ್ಲಿ ಹಲವು ಸಲ ಇದಕ್ಕೆ ವಿರುದ್ಧವಾದದ್ದು ನಡೆದಿದೆ: ವಾರ್ತೆಯ ತುಣುಕುಗಳು ಇಲಾಖೆ ಇಲಾಖೆಗಳಲ್ಲಿ ಬಿದ್ದಿರುತ್ತವೆ, ಕೂಡಿಸಿ ನೋಡುವ ಸಭೆಯೇ ಇರುವುದಿಲ್ಲ. ೧೯೯೯ರ ಕಾರ್ಗಿಲ್ ಯುದ್ಧದ ಬಳಿಕ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ ಎತ್ತಿ ತೋರಿಸಿದ ದೋಷಗಳಲ್ಲಿ ಈ ಹೊಂದಾಣಿಕೆಯ ಕೊರತೆಯೇ ಪ್ರಧಾನವಾದುದು. ೨೦೦೮ರ ಮುಂಬಯಿ ದಾಳಿಯ ನಂತರವೂ ಇದೇ ಮಾತು ಕೇಳಿಬಂತು.

ಈ ಸಂಸ್ಥೆಗಳ ವಂಶಾವಳಿ ದೀರ್ಘವಾದುದೇನೂ ಅಲ್ಲ. ಇಂಟೆಲಿಜೆನ್ಸ್ ಬ್ಯೂರೋ ಅಥವಾ ಗುಪ್ತಚರ ದಳದ ಬೇರು ಬ್ರಿಟಿಷರು ೧೮೮೭ರಲ್ಲಿ ತೆರೆದ ಕಚೇರಿಯಲ್ಲಿದೆ. ೧೯೬೨ ಮತ್ತು ೧೯೬೫ರ ಯುದ್ಧಗಳ ಪಾಠದಿಂದ, ಹೊರದೇಶಗಳ ವಿಷಯಕ್ಕೆಂದೇ ‘ರಾ’ ಸಂಸ್ಥೆ ೧೯೬೮ರ ಸೆಪ್ಟೆಂಬರಿನಲ್ಲಿ ಆರ್. ಎನ್. ಕಾವ್ ಅವರ ಮುಂದಾಳುತನದಲ್ಲಿ ಬೇರೆಯಾಯಿತು. ತಾಂತ್ರಿಕ ಬೇಹಿಗೆಂದು ರಾಷ್ಟ್ರೀಯ ತಾಂತ್ರಿಕ ಸಂಶೋಧನಾ ಸಂಸ್ಥೆಯೂ, ಗಣಕಜಾಲದ ಅವಘಡಗಳನ್ನು ಎದುರಿಸಲು ‘ಸರ್ಟ್-ಇನ್’ ಎಂಬ ಕೇಂದ್ರವೂ ೨೦೦೪ರಲ್ಲಿ ಬಂದವು. ವಿದ್ಯುತ್ತು, ಬ್ಯಾಂಕು, ಸಾರಿಗೆಗಳಂಥ ಮರ್ಮಸ್ಥಾನಗಳ ಗಣಕವ್ಯವಸ್ಥೆಯನ್ನು ಕಾಯಲು ೨೦೧೪ರಲ್ಲಿ ಇನ್ನೊಂದು ಕೇಂದ್ರ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸು ಠಾಣೆ ೨೦೦೧ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತೆಂಬುದನ್ನೂ ಇಲ್ಲಿ ನೆನೆಯಬಹುದು.

೧೮೮೭ರ ಆ ಕಚೇರಿ ಕಣ್ಣಿಟ್ಟದ್ದು ಯಾರ ಮೇಲೆ? ಮುಖ್ಯವಾಗಿ ನಮ್ಮವರ ಮೇಲೆಯೇ. ಬೇಹಿನ ಪ್ರಶ್ನೆ ಎಂದೂ ಸುದ್ದಿಯದಷ್ಟೇ ಅಲ್ಲ, ಶತ್ರು ಯಾರೆಂದು ಗೊತ್ತುಮಾಡುವವರು ಯಾರು ಎಂಬುದೂ ಹೌದು. ಶಿಕಾರಿಪುರ ತಾಲ್ಲೂಕಿನ ಈಸೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ೧೯೪೨ರಲ್ಲಿ ಆ ಹಳ್ಳಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿತು. ಘರ್ಷಣೆಯಲ್ಲಿ ಸರಕಾರದ ಇಬ್ಬರು ಅಧಿಕಾರಿಗಳು ಸತ್ತರು. ಮರುವರ್ಷ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಅಂದಿನ ಕಡತದಲ್ಲಿ ರಾಜದ್ರೋಹಿಗಳಾದವರು ಇಂದಿನ ಪಠ್ಯದಲ್ಲಿ ಹುತಾತ್ಮರು. ಕಡತ ಬರೆಯುವ ಕೈ ಕಲಿತ ಅಭ್ಯಾಸ ೧೯೪೭ರ ಆಗಸ್ಟ್ ೧೫ರಂದು ಬೆಳಗಾಗುವುದರೊಳಗೆ ಬಿಟ್ಟುಹೋಯಿತೆಂದು ನಂಬಲು ನನಗಂತೂ ಸಾಧ್ಯವಾಗಿಲ್ಲ.

ಗಣಕಯಂತ್ರ ಬಂದ ಮೇಲೆ ಈ ಬೇಹಿನ ಕೆಲಸದಲ್ಲಿ ಬದಲಾದದ್ದೇನು? ಬಂದಳಿಕೆಯ ಸೋಮೇಶ್ವರ ಗುಡಿಯ ಬಾಗಿಲ ಎಡಬಲಗಳಲ್ಲಿ ರಾಮಾಯಣ ಮಹಾಭಾರತಗಳ ದೃಶ್ಯಗಳನ್ನು ಕೊರೆದ ಕಲ್ಲಿನ ಜಾಲಂಧ್ರಗಳಿವೆ. ಬೆಳಕು ಗಾಳಿಗಳು ಒಳಗೆ ಬರಬೇಕು, ಮನುಷ್ಯನು ನುಸುಳಕೂಡದು; ಜಾಲಂಧ್ರದ ಯುಕ್ತಿ ಇಷ್ಟೇ. ಅಂತರ್ಜಾಲಕ್ಕೆ ಸೇರಿದ ಪ್ರತಿಯೊಂದು ಕಚೇರಿಯೂ ಇಂಥ ಒಂದು ಜಾಲಂಧ್ರವನ್ನು ಕಟ್ಟಿಕೊಂಡಿದೆ. ತೊಂದರೆಯೆಂದರೆ, ಇಲ್ಲಿ ನುಸುಳುವವನಿಗೆ ದೇಹವಿಲ್ಲ. ಅವನು ಬೆಳಕಿನಂತೆಯೇ ಒಳಗೆ ಬರುತ್ತಾನೆ. ಬಂದವನು ಕೂಡಲೇ ಏನನ್ನೂ ಒಡೆಯುವುದಿಲ್ಲ, ತಿಂಗಳುಗಟ್ಟಲೆ ಸುಮ್ಮನಿರುತ್ತಾನೆ. ತುರುಗೊಳ್ಳುವವನು ಬಂದರೆ ದನಗಳು ಕೂಗುತ್ತವೆ, ಧೂಳೇಳುತ್ತದೆ. ಕಡತವನ್ನು ಕದ್ದವನು ಮೂಲವನ್ನು ಇದ್ದಲ್ಲಿಯೇ ಬಿಟ್ಟು ಪ್ರತಿಯನ್ನು ಮಾತ್ರ ಒಯ್ಯುತ್ತಾನೆ. ಕಳವಾದದ್ದು ಒಡೆಯನಿಗೇ ತಿಳಿಯದ ಕಾರಣ ಹುಯ್ಯಲಿಡುವವರೇ ಇಲ್ಲ. ಆದುದರಿಂದ ಇಲ್ಲಿ ರಕ್ಷಣೆಯ ಭಾರವೆಲ್ಲ ಬೇಹಿನ ಮೇಲೆಯೇ ಬೀಳುತ್ತದೆ: ಯಾವ ತಂಡ, ಯಾವ ದಾರಿ, ಯಾವ ಕಳ್ಳ ತಂತ್ರಾಂಶ ಎಂಬುದನ್ನು ಬೇರೆ ಕಡೆಯಲ್ಲಿ ಗುರುತಿಸಿ, ನಮ್ಮ ಕಡೆಯೂ ಉಂಟೇ ಎಂದು ಹುಡುಕಬೇಕು.

ಒಂದು ನಿದರ್ಶನ. ನಮ್ಮ ಕೈಗಾದ ಅಣುವಿದ್ಯುತ್ ಸ್ಥಾವರವನ್ನು ನಡೆಸುವ ನಿಗಮವೇ ತಮಿಳುನಾಡಿನ ಕೂಡಂಕುಳಂ ಸ್ಥಾವರವನ್ನೂ ನಡೆಸುತ್ತದೆ. ೨೦೧೯ರ ಅಕ್ಟೋಬರಿನಲ್ಲಿ ಅಲ್ಲಿಯ ಗಣಕಗಳಿಗೆ ಕಳ್ಳ ತಂತ್ರಾಂಶ ಹೊಕ್ಕಿದೆಯೆಂಬ ಸುದ್ದಿ ಹಬ್ಬಿತು. ೨೯ರಂದು ಸ್ಥಾವರದ ಹೇಳಿಕೆ, ಹಾಗೆ ದಾಳಿ ಮಾಡಲು ಸಾಧ್ಯವೇ ಇಲ್ಲವೆಂದಿತು. ಮರುದಿನ ನಿಗಮವೇ ಸಂಗತಿಯನ್ನು ಒಪ್ಪಿಕೊಂಡಿತು: ಆಡಳಿತದ ಕೆಲಸಕ್ಕೆ ಬಳಸುವ ಒಂದು ಗಣಕದಲ್ಲಿ ಅದು ಸಿಕ್ಕಿತ್ತು, ಸ್ಥಾವರವನ್ನು ನಿಯಂತ್ರಿಸುವ ಜಾಲ ಬೇರೆಯಾದುದರಿಂದ ಅದಕ್ಕೆ ತಾಗಿರಲಿಲ್ಲ, ಸರ್ಟ್-ಇನ್ ಇದನ್ನು ಗಮನಿಸಿ ತಿಳಿಸಿದ್ದು ಸೆಪ್ಟೆಂಬರ್ ೪ರಂದೇ. ಬೇಹು ತನ್ನ ಕೆಲಸವನ್ನು ಮಾಡಿತ್ತು; ಎಡವಿದ್ದು ಮಾತು. ಎಂಟು ವಾರಗಳ ಮುಂಚೆಯೇ ಗೊತ್ತಿದ್ದ ಸಂಗತಿಯನ್ನು ಮೊದಲ ದಿನ ಅಲ್ಲಗಳೆದದ್ದರಿಂದ, ಎರಡನೆಯ ದಿನದ ನಿಜವನ್ನೂ ಜನ ಅನುಮಾನದಿಂದ ಓದಿದರು.

ಅಣುಸ್ಥಾವರ ದೂರದ ಮಾತಾಯಿತು. ಪಹಣಿ ಎಲ್ಲರ ಮನೆಯದು. ಬಂದಳಿಕೆಯ ಶಾಸನಗಳಲ್ಲಿ ಹಲವು ಭೂದಾನದ ದಾಖಲೆಗಳು. ಬರೆದದ್ದು ಕಲ್ಲಿನ ಮೇಲೆ, ಹತ್ತು ಜನರ ಕಣ್ಣೆದುರಿಗೆ. ಕೊನೆಯಲ್ಲಿ, ಅಪಹರಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲೆಂಬ ಬಗೆಯ ಶಾಪ. ಅಂದಿನ ಭದ್ರತೆಯ ಏರ್ಪಾಡು ಅದು. ಅಷ್ಟಾದರೂ ಕೂಟಶಾಸನಗಳು ಹುಟ್ಟದಿರಲಿಲ್ಲ. ಗಂಗರ ಹೆಸರಿನ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಪಂಡಿತರು ಕೃತಕವೆಂದು ತಳ್ಳಿಹಾಕಿದರು. ೨೦೦೦ದ ಆಚೀಚೆ ಆರಂಭವಾದ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು ೬೭ ಲಕ್ಷ ಹಿಡುವಳಿದಾರರ ೨ ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಶಾನುಭೋಗರ ಗಂಟಿನಿಂದ ಪಹಣಿ ಬಿಡುಗಡೆಯಾದದ್ದು ಒಳ್ಳೆಯದೇ. ಆದರೆ ಕಲ್ಲಿನ ಅಕ್ಷರವನ್ನು ಕೆತ್ತಿ ಕೆಡಿಸಿದರೆ ಗಾಯವಾದರೂ ಉಳಿಯುತ್ತದೆ, ಗಣಕದ ಅಕ್ಷರ ಗಾಯವಿಲ್ಲದೆ ಬದಲಾಗಬಲ್ಲುದು. ಇದು ಬರಿಯ ಭಯವಲ್ಲ. ೨೦೧೯ರಲ್ಲಿ ಕರ್ನಾಟಕ ಸರಕಾರದ ಟೆಂಡರು ವ್ಯವಹಾರದ ಜಾಲಕ್ಕೇ ಕನ್ನ ಹಾಕಿ ೧೧.೫ ಕೋಟಿ ರೂಪಾಯಿಗಳನ್ನು ಎತ್ತಿಹಾಕಿದರು. ಎಸ್ಟೋನಿಯಾ ಎಂಬ ಪುಟ್ಟ ದೇಶ ೨೦೦೭ರ ದಾಳಿಯಲ್ಲಿ ತತ್ತರಿಸಿ ಪಾಠ ಕಲಿತು, ತನ್ನ ಮುಖ್ಯ ದಾಖಲೆಗಳ ಒಂದು ಪ್ರತಿಯನ್ನು ಲಕ್ಸೆಂಬರ್ಗಿನಲ್ಲಿ ರಾಯಭಾರ ಕಚೇರಿಯ ಮರ್ಯಾದೆಯೊಡನೆ ಇರಿಸಿದೆ. ತಾಮ್ರಪಟದ ಪ್ರತಿಯನ್ನು ಪರವೂರಿನ ಮಠದಲ್ಲಿ ಇಟ್ಟಂತೆ.

ಬೇಹಿಗೂ ರಕ್ಷಣೆಗೂ ನಡುವೆ ಒಳಜಗಳವೊಂದುಂಟು. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಕಠಿನವಾಗಿ ತೋರಿದ್ದು ಅದೇ. ಊರಿನ ಬೇಲಿಯಲ್ಲಿ ಒಂದು ಕಂಡಿಯನ್ನು ಕಾವಲುಗಾರನು ಕಂಡನೆನ್ನಿ. ಅದೇ ಬಗೆಯ ಬೇಲಿ ನೆರೆಯ ಶತ್ರುವಿನ ಊರಿನಲ್ಲಿಯೂ ಇದೆ. ಊರಿಗೆ ಹೇಳಿ ಕಂಡಿಯನ್ನು ಮುಚ್ಚಿಸಿದರೆ ಶತ್ರುವೂ ಎಚ್ಚತ್ತು ಮುಚ್ಚುತ್ತಾನೆ, ಅಲ್ಲಿ ನುಸುಳಿ ಸುದ್ದಿ ತರುವ ದಾರಿ ಹೋಗುತ್ತದೆ. ಹೇಳದಿದ್ದರೆ ತನ್ನ ಊರೂ ತೆರೆದೇ ಇರುತ್ತದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಲೋಕವೆಲ್ಲ ಬಳಸುವ ವಿಂಡೋಸ್ ತಂತ್ರಾಂಶದ ಇಂಥದೊಂದು ಕಂಡಿಯನ್ನು ಬಹುಕಾಲ ಗುಟ್ಟಾಗಿ ಇಟ್ಟುಕೊಂಡಿತ್ತು. ಗುಟ್ಟೇ ಕಳವಾಗಿ ೨೦೧೭ರ ಏಪ್ರಿಲಿನಲ್ಲಿ ಬಯಲಿಗೆ ಬಿತ್ತು. ಮುಚ್ಚುವ ತೇಪೆಯನ್ನು ಕಂಪೆನಿ ಮಾರ್ಚಿಯಲ್ಲಿಯೇ ಹೊರಡಿಸಿದ್ದರೂ ಅನೇಕರು ಹಾಕಿಕೊಂಡಿರಲಿಲ್ಲ. ಮೇ ೧೨ರಂದು ‘ವಾನಾಕ್ರೈ’ ಎಂಬ ಸುಲಿಗೆಯ ತಂತ್ರಾಂಶ ಆ ಕಂಡಿಯಿಂದಲೇ ನುಗ್ಗಿ ನೂರೈವತ್ತಕ್ಕೂ ಹೆಚ್ಚು ದೇಶಗಳನ್ನು ಕಾಡಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ನಿಂತವು. ಕಾವಲುಗಾರನು ಬಚ್ಚಿಟ್ಟ ಕಂಡಿಗೆ ರೋಗಿಗಳು ದಂಡ ತೆತ್ತರು. ಬೇಹಿನವರನ್ನೂ ಬೇಲಿ ಕಟ್ಟುವವರನ್ನೂ ಒಂದೇ ಸೂರಿನ ಕೆಳಗೆ ಇಡಕೂಡದೆಂಬ ಮತಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಬೇಹಿನವರ ಕೆಲಸ ಗುಟ್ಟಾಗಿ ನಡೆಯಬೇಕು, ನಿಜ. ಆದರೆ ಗುಟ್ಟಿಗೂ ಒಂದು ಮೇರೆ ಬೇಕೆಂಬುದನ್ನು ಕರ್ನಾಟಕ ತನ್ನ ಅನುಭವದಿಂದಲೇ ಬಲ್ಲುದು. ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ರಾಮಕೃಷ್ಣ ಹೆಗಡೆಯವರು ೧೯೮೮ರಲ್ಲಿ ಮುಖ್ಯಮಂತ್ರಿ ಪದವಿಯನ್ನು ಬಿಟ್ಟರು. ಕದ್ದಾಲಿಕೆಗೆ ನಿಯಮಗಳ ಕಟ್ಟು ಬೇಕೆಂದು ಸರ್ವೋಚ್ಚ ನ್ಯಾಯಾಲಯ ೧೯೯೬ರಲ್ಲಿ ಹೇಳಿತು. ಖಾಸಗಿತನ ಮೂಲಭೂತ ಹಕ್ಕೆಂದು ಅದೇ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ೨೦೧೭ರ ಆಗಸ್ಟ್ ೨೪ರಂದು ತೀರ್ಪಿತ್ತ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇಷ್ಟಾಗಿಯೂ ಗುಪ್ತಚರ ದಳಕ್ಕಾಗಲಿ ‘ರಾ’ಕ್ಕಾಗಲಿ ಅದರ ಅಧಿಕಾರವನ್ನೂ ಹೊಣೆಯನ್ನೂ ಗೊತ್ತುಪಡಿಸುವ ಸಂಸತ್ತಿನ ಕಾಯಿದೆಯಿಲ್ಲ, ೨೦೧೧ರಲ್ಲಿ ಸಂಸದರೊಬ್ಬರು ಖಾಸಗಿಯಾಗಿ ತಂದ ಮಸೂದೆ ಕಾನೂನಾಗಲಿಲ್ಲ.

ಸರ್ಟ್-ಇನ್ ಆದರೋ ಬೇಹಿನವರ ಕೂಟವಲ್ಲ, ಹುಯ್ಯಲಿಡುವ ಕಚೇರಿ. ಸೈಬರ್ ಅವಘಡವಾದರೆ ೬ ಗಂಟೆಗಳೊಳಗೆ ತನಗೆ ತಿಳಿಸಬೇಕೆಂದು ೨೦೨೨ರ ಏಪ್ರಿಲಿನಲ್ಲಿ ಅದು ಎಲ್ಲ ಸಂಸ್ಥೆಗಳಿಗೂ ಕಟ್ಟಪ್ಪಣೆ ಮಾಡಿತು. ಅದೇ ವರ್ಷದ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಗಣಕಗಳನ್ನು ಸುಲಿಗೆಕೋರರು ಕಟ್ಟಿಹಾಕಿ, ಹಲವು ದಿನ ರೋಗಿಗಳ ಚೀಟಿಗಳನ್ನೆಲ್ಲ ಕೈಯಲ್ಲೇ ಬರೆಯಬೇಕಾಯಿತು. ಆ ಅಪ್ಪಣೆಯ ಅಗತ್ಯವೇನೆಂದು ಎಲ್ಲರಿಗೂ ಅರಿವಾಯಿತು. ದೇಶದ ಅವಘಡಗಳ ಸುದ್ದಿಯೆಲ್ಲ ಬಂದು ಬೀಳುವ ಈ ಕೇಂದ್ರವನ್ನು ೨೦೨೩ರ ನವೆಂಬರಿನಲ್ಲಿ ಕೇಂದ್ರ ಸರಕಾರ ಮಾಹಿತಿ ಹಕ್ಕು ಕಾಯಿದೆಯ ಎರಡನೆಯ ಅನುಸೂಚಿಗೆ, ಎಂದರೆ ಗುಪ್ತಚರ ದಳ ಮತ್ತು ‘ರಾ’ಗಳ ಸಾಲಿಗೆ, ಸೇರಿಸಿತು. ಭ್ರಷ್ಟಾಚಾರದ ಅಥವಾ ಮಾನವ ಹಕ್ಕಿನ ಉಲ್ಲಂಘನೆಯ ದೂರುಗಳನ್ನು ಬಿಟ್ಟರೆ ಉಳಿದದ್ದನ್ನು ಅದು ಸಾರ್ವಜನಿಕರಿಗೆ ಹೇಳಬೇಕಾಗಿಲ್ಲ. ಬೇಹಿಗೆ ಸಲ್ಲುವ ಮರೆಯನ್ನು ಹುಯ್ಯಲಿಗೂ ಹೊದಿಸಿದಂತಾಯಿತು.

ನಾಗರಖಂಡದ ಎಪ್ಪತ್ತು ಊರುಗಳಲ್ಲಿ ಒಂದರ ರೈತನು ನಾಡಕಚೇರಿಯಲ್ಲಿ ತನ್ನ ಪಹಣಿಯನ್ನು ತೆಗೆಸಿಕೊಂಡು ಹೊರಬರುತ್ತಾನೆ. ಅದನ್ನು ಇಟ್ಟಿರುವ ಗಣಕಕ್ಕೆ ಹಿಂದಿನ ವರ್ಷ ಯಾರಾದರೂ ನುಗ್ಗಿದ್ದುಂಟೇ ಎಂದು ಅವನು ಕಂದಾಯ ಇಲಾಖೆಗೆ ಹತ್ತು ರೂಪಾಯಿಯ ಅರ್ಜಿ ಹಾಕಿ ಕೇಳಬಹುದು. ನುಗ್ಗಿದ್ದು ಇಲಾಖೆಗೇ ತಿಳಿದಿಲ್ಲದೆ, ಸರ್ಟ್-ಇನ್‌ಗೆ ಮಾತ್ರ ತಿಳಿದಿದ್ದರೆ, ಆ ಅರ್ಜಿಗೆ ಉತ್ತರ ಕೊಡಬೇಕಾದ ಹೊಣೆ ಸರ್ಟ್-ಇನ್‌ಗೆ ಈಗ ಇಲ್ಲ.